ನೋಡುವ ಗುಡ್ಡ, ಆಡುವ ಗುಡ್ಡ

ದೀಪಾವಳಿಗೆ ಇನ್ನೂ ಎರಡು ವಾರ ಇರುವಾಗಲೇ ಮುಂಬೈ ಪಕ್ಕದ ವಾಶಿಯ ಸೊಸೈಟಿಗಳ ಗೇಟಿನೊಳಗೆ ಕೆಂಪು ಮಣ್ಣಿನ ಚೀಲಗಳು ಬಂದು ಬೀಳುತ್ತವೆ. ನರ್ಸರಿಯವರು ಕುಂಡಕ್ಕೆಂದು ಮಾರುವ ಮಣ್ಣೇ ಅದು; ಈ ದಿನಗಳಲ್ಲಿ ಮಾತ್ರ ಗಿರಾಕಿಗಳು ಮಕ್ಕಳು. ಪಾರ್ಕಿಂಗ್‌ನ ಮೂಲೆಯಲ್ಲೋ ಪಂಪ್‌ಹೌಸಿನ ಗೋಡೆಗೆ ಆತುಕೊಂಡೋ ಇಟ್ಟಿಗೆ ಚೂರು, ಒಡೆದ ಕುಂಡ, ಗೋಣಿಚೀಲ ಎಲ್ಲ ಸೇರಿ ಒಂದು ರಾಯಗಡ, ಇಲ್ಲವೇ ಒಂದು ಪ್ರತಾಪಗಡ ಎದ್ದು ನಿಲ್ಲುತ್ತದೆ. ಠಾಣೆ, ಡೊಂಬಿವಲಿ, ಕಲ್ಯಾಣಗಳಲ್ಲಿ ಈ ಮಣ್ಣಿನ ಕಿಲ್ಲೆಗಳಿಗೆ ಸ್ಪರ್ಧೆ, ಬಹುಮಾನ ಎಲ್ಲ ಉಂಟು. ಗಡಿಯ ಈಚೆ ಬೆಳಗಾವಿಯ ಗಲ್ಲಿಗಳಲ್ಲೂ ಪಟಾಕಿಗಿಂತ ಮೊದಲು ಕಿಲ್ಲೆ. 2025ರ ಜುಲೈಯಲ್ಲಿ ಯುನೆಸ್ಕೊ ಮರಾಠರ 12 ಕೋಟೆಗಳನ್ನು ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿತು. ಹನ್ನೊಂದು ಮಹಾರಾಷ್ಟ್ರದವು, ಒಂದು ತಮಿಳುನಾಡಿನ ಜಿಂಜಿ. ಯಾವ ಕೋಟೆ ಕಟ್ಟೋಣ ಎಂದು ಜಗಳಾಡುವ ಹುಡುಗರಿಗೆ ಈಗ ಯುನೆಸ್ಕೊ ಮುದ್ರೆಯ ಪಟ್ಟಿಯೇ ಸಿಕ್ಕಂತಾಗಿದೆ.

ಅಂಥ ಒಂದು ಸೊಸೈಟಿಯ ಎರಡನೆಯ ಮಹಡಿಯ ಮನೆಯಲ್ಲಿ ಊಟದ ಮೇಜನ್ನು ಇನ್ನೊಂದು ಬಗೆಯ ಗುಡ್ಡ ಹಿಡಿದುಕೊಂಡಿತ್ತು. ಬೂದು ಬಣ್ಣದ್ದು, ಮೆಟ್ಟಿಲು ಮೆಟ್ಟಿಲಾದದ್ದು, ಒಂದೇ ಕೈಯಲ್ಲಿ ಎತ್ತಿ ಕಪಾಟಿನ ಮೇಲೆ ಇಡಬಹುದಾದಷ್ಟು ಹಗುರ. ಪಕ್ಕದಲ್ಲಿ ಬಾಟಲಿ ಮುಚ್ಚಳಗಳಿಗೆ ಅಂಟಿಸಿ ನಿಲ್ಲಿಸಿದ ಸಿಪಾಯಿಗಳು. ಒಬ್ಬೊಬ್ಬನೂ 28 ಮಿಲಿಮೀಟರ್ ಎತ್ತರ, ಅಂದರೆ ಹೆಬ್ಬೆರಳಿನ ಮೇಲಿನ ಗೆಣ್ಣಿನಷ್ಟು. ಮನೆಯ ಮಗಳು ಐರೋಲಿಯ ಐಟಿ ಕಂಪನಿಯೊಂದರಲ್ಲಿ ಕೆಲಸ ಮಾಡುವವಳು. ಶನಿವಾರ, ಭಾನುವಾರ ಮೇಜಿನ ಮೇಲಿನ ಯುದ್ಧದಾಟಕ್ಕೆಂದು ಕಟ್ಟುವ ಈ ಸೈನ್ಯಕ್ಕೆ ಮೀಸಲು. ಹಬ್ಬಕ್ಕೆಂದು ಬೆಳಗಾವಿಯಿಂದ ರಾತ್ರಿ ಬಸ್ಸಿಗೆ ಬಂದಿಳಿದ ಸೋದರಮಾವ ನಿವೃತ್ತ ಡ್ರಾಯಿಂಗ್ ಮಾಸ್ತರರು. ಬಾಲ್ಯವನ್ನು ಕಿಲ್ಲೆ ಕಟ್ಟುವುದರಲ್ಲಿ, ನೌಕರಿಯನ್ನು ಕಟ್ಟಿಸುವುದರಲ್ಲಿ ಕಳೆದವರು. ಮಧ್ಯಾಹ್ನದ ಊಟ ಮುಗಿದಿತ್ತು. ಮಾತು ಶುರುವಾದದ್ದು ರೊಕ್ಕದಿಂದ.

“ಈ ಬಣ್ಣದ ಬಾಟ್ಲಿಗೆ ಎಷ್ಟವಾ?”

“ಕೇಳಬ್ಯಾಡ್ರಿ ಮಾಮಾ.”

“ಎಷ್ಟು ಹಿಡಿತೈತಿ ಇದರಾಗ?”

“ಹದಿನೇಳು ಮಿಲಿ. ಸ್ಪೇನ್‌ದಿಂದ ಬರತೈತಿ.”

“ಹಂಗಾದ್ರ ನೀ ಹೇಳೋದೇ ಬ್ಯಾಡ, ಗೊತ್ತಾತು. ಆ ರೊಕ್ಕದಾಗ ನನ್ನ ಸಾಲಿ ಹುಡುಗರು ವರ್ಷಗಟ್ಲೆ ಕ್ಯಾಮಲ್ ಬಣ್ಣ ಬಳೀತಿದ್ರು. ಕ್ಯಾಮ್ಲಿನ್ ಏನ್ ನಿನ್ನೆ ಮೊನ್ನೆದಲ್ಲ, 1931ರಿಂದ ನಿಮ್ಮ ಮುಂಬೈನಾಗ ಐತಿ.”

“ಗುಡ್ಡಕ್ಕ, ಗ್ವಾಡಿಗೆ ನಾನೂ ಅದನ್ನ ಹಚ್ಚತೀನ್ರಿ. ಸಿಪಾಯಿ ಮುಖಕ್ಕ ಮಾತ್ರ ನಡೆಯಂಗಿಲ್ಲ. ತುಟಿ ಅನ್ನೋದು ಇಲ್ಲಿ ಅರ್ಧ ಮಿಲಿಮೀಟರೂ ಇಲ್ಲ. ಬಣ್ಣದ ಪುಡಿ ಭಾಳ ಸಣ್ಣಗ ಅರದಿರಬೇಕು, ನೀರು ಬೆರೆಸಿ ತೆಳ್ಳಗ ಮಾಡಿದ್ರೂ ಕೆಳಗಿಂದು ಮುಚ್ಚಬೇಕು. ದಪ್ಪ ಬಳದ್ರ ಅಂಗಿ ಗುಂಡಿ, ಮೀಸಿ ಎಲ್ಲಾ ಹೂತು ಹೋಗತಾವ. ಮ್ಯಾಲ ಕಸ್ಟಮ್ಸ್ ಬ್ಯಾರೆ. ಸಿಪಾಯಿ ಡಬ್ಬಿನ ಆಟಿಕಿ ಅಂತ ಲೆಕ್ಕ ಹಿಡದ್ರು ಅಂದ್ರ ಮುಗೀತು. ಆ ಸುಂಕ 2020ರಾಗ 20 ಪರ್ಸೆಂಟ್ ಇದ್ದದ್ದು 60 ಆತು, 2023ರಾಗ 70. ಅದಕ್ಕ ನಾವು ಗೆಳ್ಯಾರು ಸೇರಿ ಒಂದು ಡಬ್ಬಿ ತರಸಿ ಹಂಚಿಕೋತೀವಿ. ಖಾರಘರದಾಗ ಒಬ್ಬಾಂವ ರೆಸಿನ್ ಪ್ರಿಂಟರ್ ಇಟ್ಟಾನ. ಉಳಿದ ಸೈನ್ಯ ಎಲ್ಲಾ ಅವನ ಬಾಲ್ಕನ್ಯಾಗ ಹುಟ್ಟತೈತಿ.”

ಬಾಲ್ಕನಿಯಲ್ಲೇ ಏಕೆಂದರೆ ಒಣಗದ ರೆಸಿನ್ನಿನ ವಾಸನೆ ಮನೆಯೊಳಗೆ ತಡೆಯಲಾಗದು, ಚರ್ಮಕ್ಕೂ ಒಳ್ಳೆಯದಲ್ಲ. ಕೈಗವಸು ಹಾಕಿಕೊಂಡೇ ಮುಟ್ಟಬೇಕು, ಸ್ಪಿರಿಟ್ಟಿನಲ್ಲಿ ತೊಳೆಯಬೇಕು, ಆಮೇಲೆ ನೇರಳಾತೀತ ಬೆಳಕಿನಲ್ಲಿ ಗಟ್ಟಿ ಮಾಡಬೇಕು. ಎರಡು ಬೆಡ್‌ರೂಮಿನ ಮನೆಯಲ್ಲಿ ಇದಕ್ಕೆಲ್ಲ ಜಾಗ ಹುಡುಕುವವನ ಉತ್ಸಾಹವನ್ನು ಮೆಚ್ಚಬೇಕು, ಮನೆಯವರ ತಾಳ್ಮೆಯನ್ನು ಇನ್ನೂ ಹೆಚ್ಚು.

ಮಾವ ಕನ್ನಡಕ ಸರಿಮಾಡಿಕೊಂಡು ಒಬ್ಬ ಸಿಪಾಯಿಯನ್ನು ಕಿಟಕಿಯ ಬೆಳಕಿಗೆ ಹಿಡಿದರು.

“ನೆರಳು ನೀನ ಬರದೀಯಲ್ಲ? ಅಂಗಿ ಮಡಿಕಿ ಒಳಗ ಕಪ್ಪು, ಮ್ಯಾಲ ತಿಳಿ. ಚಿತ್ರದಾಗ ಹಂಗ ಮಾಡೋದು ಸರಿ, ಹಾಳಿ ಸಪಾಟ ಇರತೈತಿ. ಇದು ಮೂರ್ತಿ. ಉಬ್ಬು ತಗ್ಗು ಇದ್ದ ಮ್ಯಾಲ ಬೆಳಕು ತಾನ ನೆರಳು ಹಾಕತೈತಿ. ನೀ ಯಾಕ ಹಾಕಬೇಕು?”

“ಇಷ್ಟು ಸಣ್ಣದಕ್ಕ ಅದು ಹಾಕಂಗಿಲ್ರಿ. ನಾವು ಬಿಸಿಲಾಗ ನಿಂತ್ರ ನೆರಳು ಕಟ್ಟಾಗಿ ಬೀಳತೈತಿ. ಈ ಸಿಪಾಯಿಗೆ ನಮ್ಮ ಟ್ಯೂಬ್‌ಲೈಟು ಅವನಕಿಂತ ನಲವತ್ತು ಪಟ್ಟು ಉದ್ದ. ಬೆಳಕು ಸುತ್ತೂ ಕಡಿಂದ ಬರತೈತಿ, ಮಡಿಕಿ ಒಳಗೂ ಹೊಕ್ಕತೈತಿ. ನೆರಳು ಬರೀಲಿಲ್ಲ ಅಂದ್ರ ಅಂಗಿ, ಕೈ, ಬಂದೂಕು ಎಲ್ಲಾ ಒಂದೇ ಮುದ್ದಿ ಕಾಣತೈತಿ. ಅದಕ್ಕ ಮೊದಲು ಅಸಲಿ ಬಣ್ಣ, ಆಮ್ಯಾಲ ನೀರಿನಂಥ ಕಂದು ಬಣ್ಣ ಬಿಡೋದು. ಅದು ತಾನ ಹರದು ತಗ್ಗಿನಾಗ ನಿಲ್ಲತೈತಿ, ವಾಶ್ ಅಂತೀವಿ. ಕಡಿಗೆ ಬ್ರಶ್ ಬಟ್ಟಿಗೆ ಒರಸಿ, ಇದ್ದೂ ಇಲ್ಲದಷ್ಟು ಬಣ್ಣದಾಗ ಉಬ್ಬಿದ ಕಡೆ ಸವರೋದು, ಡ್ರೈಬ್ರಶ್.”

“ಯಾವ ಬ್ರಶ್ಶು? ಮೂರು ಸೊನ್ನಿದೇನ?”

“ಅಲ್ಲ, ಒಂದನೇ ನಂಬರು. ಸಣ್ಣ ಬ್ರಶ್ ತಗೊಂಡ್ರ ಸಣ್ಣ ಕೆಲಸ ಆಗತೈತಿ ಅಂತ ಹೊಸಬರು ಎಲ್ಲಾರೂ ತಿಳಕೊಂಡಿರತಾರ.”

“ಅದರ ಹೊಟ್ಟ್ಯಾಗ ಬಣ್ಣ ನಿಲ್ಲಂಗಿಲ್ಲ, ತುದಿಗೆ ಒಣಗತೈತಿ. ತುದಿ ಚೂಪಿದ್ರ ಆತು, ಹೊಟ್ಟಿ ದೊಡ್ಡದ ಇರಬೇಕು.” ಮಾಸ್ತರರು ನಲವತ್ತು ವರ್ಷ ಹೇಳಿದ ಪಾಠ ಅದು, ಬಾಯಿಂದ ತಾನಾಗಿ ಬಂತು. “ಮತ್ತ ಇಲ್ಲಿ ಫ್ಯಾನ್ ಬ್ಯಾರೆ ತಿರಗತೈತಿ.”

“ಕಣ್ಣು ಬರೆಯೋ ಮುಂದ ಬಂದ್ ಮಾಡತೀನ್ರಿ. ಅಕ್ಟೋಬರ್ ಸೆಕೆನಾಗ ಅವ್ವ ಬೈತಾಳ.”

ಕಣ್ಣಿನ ವಿಷಯಕ್ಕೆ ಬಂದಾಗ ಇಬ್ಬರೂ ಸ್ವಲ್ಪ ಹೊತ್ತು ಮಾತಿಗಿಂತ ಕೈಯಲ್ಲೇ ಸಂವಾದ ನಡೆಸಿದರು. ಅವಳ ಕ್ರಮ ಹೀಗೆ: ಮೊದಲು ಕಣ್ಣಿನ ಗುಳಿಗೆ ಗಾಢ ಕಂದು, ಅದರ ನಡುವೆ ಅಡ್ಡಲಾಗಿ ಬಿಳಿಯಲ್ಲ, ಕೆನೆ ಬಣ್ಣದ ಒಂದು ಗೆರೆ, ಸುತ್ತ ಕಂದು ಕೂದಲೆಳೆಯಷ್ಟು ಉಳಿಯುವಂತೆ, ಆಮೇಲೆ ಮೇಲಿಂದ ಕೆಳಕ್ಕೆ ಒಂದು ಕಪ್ಪು ಗೀಟು. ಗೀಟು ಹೊರಗೆ ಚಾಚಿದರೆ ಚಿಂತೆಯಿಲ್ಲ, ಮೇಲೆ ಕೆಳಗೆ ಚರ್ಮದ ಬಣ್ಣ ಹಚ್ಚಿ ರೆಪ್ಪೆಯನ್ನು ಕೆತ್ತಿದಂತೆ ತಿದ್ದಿದರಾಯಿತು. ಚುಕ್ಕೆ ಇಡಲು ಹೋದವರ ಸಿಪಾಯಿ ಬೆಚ್ಚಿಬಿದ್ದವನಂತೆ ಕಣ್ಣು ಬಿಟ್ಟುಕೊಂಡಿರುತ್ತಾನೆ. ಮಾವನಿಗೆ ಇದು ಹೊಸತಲ್ಲ. ಪನವೇಲ್ ದಾಟಿದರೆ ಸಿಗುವ ಪೇಣ್ ಗಣಪತಿ ಮೂರ್ತಿಗಳ ಊರು. ಅಲ್ಲಿ ಕಣ್ಣಿನ ಗೆರೆ ಎಳೆಯುವ ಕೆಲಸಕ್ಕೆ ಆಖಣಿ ಎನ್ನುತ್ತಾರೆ, ಮೈಗೆ ಬಣ್ಣ ಹೊಡೆಯುವವರೆಲ್ಲರ ಕೈಗೆ ಅದನ್ನು ಕೊಡುವುದಿಲ್ಲ.

“ಈ ನೇರಳಿ ಅಂಗಿ ಯಾರದು?”

“ಟಿಪ್ಪೂನ ಕಾಲಾಳು. ನೇರಳಿ ಬಟ್ಟಿ, ಅದರ ಮ್ಯಾಲ ವಜ್ರದ ಆಕಾರದ ಬಿಳೇ ಚುಕ್ಕಿ. ಹುಲಿ ಅಂಗಿ ಅಂತ ಆವಾಗಿನ ಇಂಗ್ಲಿಷ್ ಅಧಿಕಾರಿಗಳು ಬರದಿಟ್ಟಾರ. ಒಂದೊಂದು ಚುಕ್ಕಿ ನಾಲ್ಕು ಮೂಲಿ ಇರೋ ಹಂಗ ಇಡಾಕ ಹೋಗಿ ಕಣ್ಣು ಹೋತು. ಕಡಿಗೆ ಓರೆ ಗೀಟು ಎರಡು, ಒಂದರ ಮ್ಯಾಲ ಒಂದು. ಒಂದು ಮೊಳ ದೂರದಿಂದ ನೋಡಿದ್ರ ವಜ್ರ.”

“ಒಂದು ಮೊಳ ದೂರದಿಂದ! ನಿಮ್ಮ ಆಟದಾಗ ಎಲ್ಲಾ ಹಿಂಗ ಮೋಸ ಏನು?”

“ಎಲ್ಲಾ ಮೋಸ ಅಂತೀನ್ರಿ. ಕೆಳಗ ಹುಡುಗರು ಕಟ್ಟಾಕತ್ತಾರಲ್ಲ, ಆ ಕಿಲ್ಲೆ ನೋಡಿದ್ರೇನು? ಶಿವಾಜಿ ಮಹಾರಾಜರ ಮೂರ್ತಿ ಮೊಳದಷ್ಟು. ಮಾವಳೆ ಸಿಪಾಯಿಗಳು ಗೇಣಿನಷ್ಟೂ ಇಲ್ಲ. ಮಹಾದ್ವಾರ ಅದಕ್ಕಿಂತ ಸಣ್ಣದು. ಮಹಾರಾಜರು ಒಳಗ ಹೋಗೋದು ಹೆಂಗ?”

“ಒಳಗ ಯಾಕ ಹೋಗಬೇಕು? ಸಿಂಹಾಸನದಾಗ ಕುಂತಾರ, ಎಲ್ಲಾರಿಗೂ ಕಾಣಬೇಕು. ನಮ್ಮ ವೀರಗಲ್ಲು ನೋಡು. ವೀರ ದೊಡ್ಡಾಂವ, ಅವನ ಕೈಯಾಗ ಸತ್ತಾವರು ಮೊಣಕಾಲಷ್ಟು. ಕೆತ್ತಿದಾಂವಗ ಅಳತಿ ಬರತಿದ್ದಿಲ್ಲ ಅಂತ ಅನ್ನಾಕ ಆಗತೈತಿ? ಯಾರನ್ನ ಮೊದಲು ನೋಡಬೇಕು ಅನ್ನೋದ ಅಲ್ಲಿ ಅಳತಿ.”

ಈ ಉತ್ತರಕ್ಕೆ ಅವಳ ಬಳಿ ಪ್ರತ್ಯುತ್ತರ ಇರಲಿಲ್ಲ ಎನ್ನುವುದಕ್ಕಿಂತ, ಇದ್ದ ಉತ್ತರ ಅವಳದೇ ಸೈನ್ಯದ ವಿರುದ್ಧ ಹೋಗುತ್ತಿತ್ತು. 1975ರಲ್ಲಿ ಇಂಗ್ಲೆಂಡಿನಲ್ಲಿ ಶುರುವಾದ ಗೇಮ್ಸ್ ವರ್ಕ್‌ಶಾಪ್ ಕಂಪನಿ 1983ರಲ್ಲಿ ವಾರ್‌ಹ್ಯಾಮರ್, 1987ರಲ್ಲಿ ವಾರ್‌ಹ್ಯಾಮರ್ 40,000 ಎಂಬ ಆಟಗಳನ್ನು ಹೊರತಂದ ಮೇಲೆ ಜಗತ್ತಿನಾದ್ಯಂತ ಹರಡಿದ ಗೊಂಬೆಗಳ ಮೈಕಟ್ಟೇ ಬೇರೆ. ತಲೆ ದಪ್ಪ, ಅಂಗೈ ದಪ್ಪ, ಕತ್ತಿ ತೊಲೆಯಷ್ಟು ದಪ್ಪ. ಮನುಷ್ಯನನ್ನು ಸರಿಯಾದ ಪ್ರಮಾಣದಲ್ಲಿ ಗೆಣ್ಣಿನಷ್ಟಕ್ಕೆ ಇಳಿಸಿದರೆ ಮುಖ ಕಾಣುವುದಿಲ್ಲ, ಬಂದೂಕಿನ ನಳಿಗೆ ಮುಟ್ಟಿದರೆ ಮುರಿಯುತ್ತದೆ. ಹಾಗಾಗಿ ಕಣ್ಣಿಗೂ ಕೈಗೂ ಬೇಕಾದದ್ದನ್ನು ಉಬ್ಬಿಸುತ್ತಾರೆ.

“ಅದಕಿಂತ ದೊಡ್ಡ ಮೋಸ ನೆಲದ್ದು,” ಎಂದು ಅವಳೇ ಮುಂದುವರಿಸಿದಳು. “ಈ ಅಳತಿ ಹತ್ತತ್ರ ಐವತ್ತಾರಕ್ಕ ಒಂದು. ನಮ್ಮ ಆಟದ ಮೇಜು ಆರು ಅಡಿಗೆ ನಾಲ್ಕು ಅಡಿ. ಲೆಕ್ಕ ಹಾಕಿದ್ರ ಇಡೀ ರಣರಂಗ ನೂರಾ ಎರಡು ಮೀಟರ್ ಉದ್ದ, ಅರವತ್ತೆಂಟು ಮೀಟರ್ ಅಗಲ. ಟಿಪ್ಪೂನ ಕಾಲದ ಬಂದೂಕಿನ ಗುಂಡು ಈ ತುದಿಯಿಂದ ಆ ತುದಿಗೆ ಮುಟ್ಟತೈತಿ. ತೋಪಿನ ಗುಂಡು ಅಡಿಗಿ ಮನಿ ದಾಟಿ ಪಕ್ಕದ ಫ್ಲ್ಯಾಟಿಗೆ ಹೋಗತೈತಿ. ಹಂಗ ಆದ್ರ ಆಟ ಎಲ್ಲಿಂದ ಬಂತು? ಅದಕ್ಕ ಸಿಪಾಯಿಗೆ ಒಂದು ಅಳತಿ, ನೆಲಕ್ಕ ಇನ್ನೊಂದು. ಒಂದು ಮನಿ ಇಟ್ರ ಒಂದು ಊರು. ಹತ್ತು ಮಂದಿ ಅಂದ್ರ ಒಂದು ಪಟಾಲಂ.”

“ಅಂದ್ರ ನಿಮ್ಮದೂ ವೀರಗಲ್ಲೇ.”

“ಒಪ್ಪಿದೆ. ಆದ್ರ ನಿಮ್ಮ ಕಿಲ್ಲೆ ಮ್ಯಾಲ ಯಾರೂ ಆಡಂಗಿಲ್ಲ. ನನ್ನ ಗುಡ್ಡದ ಮ್ಯಾಲ ಆಡಬೇಕು.”

ಮಾತು ಇಲ್ಲಿ ನಿಜವಾದ ವ್ಯತ್ಯಾಸಕ್ಕೆ ಬಂದು ಮುಟ್ಟಿತು. ದೀಪಾವಳಿಯ ಕಿಲ್ಲೆ ಕಟ್ಟಿ ಮುಗಿದ ಮೇಲೆ ನೋಡಲು. ಮೇಜಿನ ಮೇಲಿನ ಗುಡ್ಡಕ್ಕೆ ಕಟ್ಟಿ ಮುಗಿದ ಮೇಲೆಯೇ ಕೆಲಸ ಶುರು. ಇಳಿಜಾರು ಸ್ವಲ್ಪ ಕಡಿದಾದರೂ ಸಿಪಾಯಿ ಜಾರಿ ಬೀಳುತ್ತಾನೆ, ಬಿದ್ದರೆ ಎರಡು ವಾರ ಬಳಿದ ಬಣ್ಣ ಎದ್ದುಹೋಗುತ್ತದೆ. ಆದ್ದರಿಂದ ಅಲ್ಲಲ್ಲಿ ಸಮತಟ್ಟು ಬೇಕು. ಸೇತುವೆಯ ಅಗಲ ಸಿಪಾಯಿಯ ಕಾಲಡಿಯ 25 ಮಿಲಿಮೀಟರ್ ಬಿಲ್ಲೆಗಿಂತ ಹೆಚ್ಚಿರಬೇಕು. ಮನೆಯ ಮಾಡು ಎತ್ತಿಡುವಂತಿರಬೇಕು, ಇಲ್ಲದಿದ್ದರೆ ಒಳಗೆ ಅಡಗಿದವನನ್ನು ಸರಿಸುವುದು ಹೇಗೆ? ಕಾಡಿನ ಮರಗಳು ನೆಲಕ್ಕೆ ಅಂಟಿರಬಾರದು, ಸೈನ್ಯ ಒಳನುಗ್ಗುವಾಗ ಪಕ್ಕಕ್ಕೆ ಸರಿಯಬೇಕು. ಅಳತೆಪಟ್ಟಿ ಹಿಡಿದ ಕೈ ಕೋಟೆಯ ಒಳಗೂ ಹೋಗಬೇಕು. ಇಷ್ಟೆಲ್ಲ ಷರತ್ತು ಪಾಲಿಸಿಯೂ ಅದು ಗುಡ್ಡದಂತೆ ಕಾಣಬೇಕು.

“ಈ ಹುಚ್ಚು ಯಾರು ಶುರು ಮಾಡಿದಾವರು?”

“ಪ್ರಷ್ಯಾದಾಗ ರೈಸ್‌ವಿಟ್ಜ್ ಅಂತ ಒಬ್ಬ ಅಧಿಕಾರಿ. 1812ರಾಗ ಅಲ್ಲಿನ ರಾಜಾಗ ಒಂದು ಮೇಜು ಮಾಡಿ ಕೊಟ್ಟ. ಗುಡ್ಡ, ಹೊಳಿ, ದಾರಿ ಎಲ್ಲಾ ಪ್ಲ್ಯಾಸ್ಟರಿನ ಬಿಲ್ಲೆ, ಬಣ್ಣ ಹೊಡದದ್ದು, ಬೇಕಾದಂಗ ಜೋಡಸಬಹುದಿತ್ತು. ಅವನ ಮಗ 1824ರಾಗ ಮೇಜು ಬಿಟ್ಟು ನಕಾಶೆ ಮ್ಯಾಲ ಆಡೋ ನಿಯಮ ಬರದ. ಆಮ್ಯಾಲನ ಸೈನ್ಯದವರು ಅದನ್ನ ಕಲಿಯಾಕ ಹಿಡದ್ರು.”

“ಮೇಜು ಅರಮನ್ಯಾಗ ಹಿಡಿಸೀತು, ದಂಡಿನಾಗ ಹೆಂಗ ಹಿಡಿಸತೈತಿ? ಮಗ ಶಾಣ್ಯಾ.”

“ನಮಗ ಮಾತ್ರ ಅಪ್ಪನ ಮೇಜ ಇಷ್ಟ. 1913ರಾಗ ಕಾದಂಬರಿ ಬರೆಯೋ ಎಚ್. ಜಿ. ವೆಲ್ಸ್ ಇದನ್ನ ಮಂದಿ ಮನಿಗೆ ತಂದ್ರು. ‘ಲಿಟಲ್ ವಾರ್ಸ್’ ಅಂತ ಪುಸ್ತಕ. ನೆಲದ ಮ್ಯಾಲ ಪುಸ್ತಕ, ಮಕ್ಕಳ ಕಟ್ಟಿಗಿ ತುಂಡು ಪೇರಿಸಿ ಊರು ಕಟ್ಟೋದು, ಸ್ಪ್ರಿಂಗ್ ಇರೋ ಆಟಿಕಿ ತೋಪಿನಿಂದ ಖರೇನ ಹೊಡದು ಸಿಪಾಯಿ ಉರುಳಸೋದು. ಮೂರ್ನಾಲ್ಕು ಸಲ ಇದನ್ನ ಆಡಿದಾಂವಗ ಖರೆ ಯುದ್ಧ ಎಂಥಾ ಗೊಂದಲ ಅನ್ನೋದು ತಿಳಿತೈತಿ ಅಂತ ಅವರ ವಾದ.”

“ಮರು ವರ್ಷನ ಮಹಾಯುದ್ಧ ಹತ್ತಿತಲ್ಲ. ಯಾರಿಗೂ ತಿಳಿದಂಗ ಕಾಣಲಿಲ್ಲ.” ಮಾವ ಎದ್ದು ಗುಡ್ಡವನ್ನು ಬೆರಳಿನಿಂದ ತಟ್ಟಿದರು. “ಇದು ಥರ್ಮಾಕೋಲ್ ಅಲ್ಲ?”

“ರಟ್ಟು. ನಮ್ಮ ಎಪಿಎಂಸಿ ಹಣ್ಣಿನ ಮಾರ್ಕೆಟ್‌ದಾಗ ಬೇಕಾದಷ್ಟು ಖಾಲಿ ಪೆಟ್ಟಿಗಿ. ಮೊದಲು ಥರ್ಮಾಕೋಲ್ ಕೊಯ್ತಿದ್ದೆ. ಒಂದು ಗುಡ್ಡ ಮಾಡಿದ್ರ ಬಿಳೇ ಕಾಳು ಮನಿ ತುಂಬ, ಕೂದಲದಾಗ, ಸಾರಿನಾಗ.”

2018ರ ಮಾರ್ಚ್‌ನಲ್ಲಿ ಮಹಾರಾಷ್ಟ್ರ ಸರಕಾರ ಪ್ಲಾಸ್ಟಿಕ್ಕಿನ ಜೊತೆ ಅಲಂಕಾರದ ಥರ್ಮಾಕೋಲನ್ನೂ ನಿಷೇಧಿಸಿತು. ಗಣಪತಿಯ ಮಖರ, ಅಂದರೆ ಅಲಂಕಾರದ ಮಂಟಪ, ಮಾಡುವವರು ಆ ವರ್ಷಕ್ಕಾದರೂ ವಿನಾಯಿತಿ ಕೊಡಿ ಎಂದು ಕೇಳಿದರು. ಬಾಂಬೆ ಹೈಕೋರ್ಟು ಒಪ್ಪಲಿಲ್ಲ. ಮಖರಗಳು ರಟ್ಟಿಗೆ, ಕಾಗದಕ್ಕೆ, ಬಟ್ಟೆಗೆ ತಿರುಗಿದವು. ಮೇಜಿನ ಮೇಲೆ ಗುಡ್ಡ ಕಟ್ಟುವ ಬೆರಳೆಣಿಕೆಯ ಜನರನ್ನು ಹಿಡಿಯಲು ಯಾವ ಇನ್‌ಸ್ಪೆಕ್ಟರೂ ಬರುವುದಿಲ್ಲ, ನಿಜ. ಆದರೆ ವಾಶಿಯಲ್ಲಿ ಚೆಲ್ಲಿದ ಕಸ ಕೊನೆಗೆ ಹೋಗಿ ಸೇರುವುದು ಖಾಡಿಗೆ, ಅಂದರೆ ಕಡಲ ಹಿನ್ನೀರಿಗೆ; ಅದೇ ನೀರಿಗೆ ಫ್ಲೆಮಿಂಗೊಗಳು ಇಳಿಯುತ್ತವೆ. ರಟ್ಟಿಗೂ ಅದರದೇ ಹಟವಿದೆ. ಒಂದೇ ಮೈಗೆ ಫೆವಿಕಾಲ್ ಬಳಿದರೆ ಒಣಗುವಾಗ ಹಪ್ಪಳದಂತೆ ಸೊಟ್ಟಗಾಗುತ್ತದೆ. ಎರಡೂ ಮೈಗೆ ಬಳಿದು, ಮೇಲೆ ದಪ್ಪ ಪುಸ್ತಕಗಳನ್ನು ಪೇರಿಸಿ, ರಾತ್ರಿಯಿಡೀ ಬಿಡಬೇಕು. ಥರ್ಮಾಕೋಲಿನ ಹಟ ಬೇರೆ: ಸ್ಪ್ರೇ ಡಬ್ಬಿಯ ಬಣ್ಣ ನೇರ ಹೊಡೆದರೆ ಅದರೊಳಗಿನ ದ್ರಾವಕ ಗುಡ್ಡವನ್ನೇ ತಿಂದುಹಾಕುತ್ತದೆ.

“ಸ್ಪ್ರೇ ಅಂತೂ ಜೂನ್‌ದಿಂದ ಸೆಪ್ಟೆಂಬರ್ ತನಕ ಮುಟ್ಟಂಗಿಲ್ರಿ,” ಎಂದಳು. “ಕಡಿಗೆ ಹೊಡೆಯೋ ವಾರ್ನಿಶ್ ಈ ಹಸಿ ಹವಾದಾಗ ಬೆಳ್ಳಗ ಬೂಷ್ಟು ಹಿಡದಂಗ ಆಗತೈತಿ. ಕರೇ ಕುದರಿ ಬಿಳೇ ಕುದರಿ ಆಗಿ ಹೊರಗ ಬರತೈತಿ. ಮಳಿಗಾಲ ಅಂದ್ರ ಬ್ರಶ್ ಕೆಲಸ.”

“ಹಸರು ಏನ್ ಹಾಕಿ? ನಾವು ಕಿಲ್ಲೆಗೆ ಸಾಸಿವಿ, ಅಳವಿ ಬಿತ್ತತಿದ್ವಿ. ನಾಲ್ಕು ದಿನದಾಗ ಹುಲ್ಲು.”

“ಕಟ್ಟಿಗಿ ಪುಡಿ, ಹಸರು ಬಣ್ಣದಾಗ ಅದ್ದಿ ಒಣಗಿಸಿದ್ದು.”

“ಅದು ನಮ್ಮದು! ರಂಗೋಳಿಗೆ, ಕಿಲ್ಲೆ ದಾರಿಗೆ ಅದನ್ನ ಹಾಕತಿದ್ವಿ.”

“ವಿಲಾಯತಿ ಡಬ್ಬ್ಯಾಗ ಅದಕ್ಕ ಬ್ಯಾರೆ ಹೆಸರು, ಬ್ಯಾರೆ ರೇಟು. ನಿಮ್ಮ ಗೋಣಿಚೀಲದ ಉಪಾಯನೂ ಹಂಗ. ಇಟ್ಟಿಗಿ ಪೇರಿಸಿ, ರಾಡಿನೀರಾಗ ಅದ್ದಿದ ಚೀಲ ಮ್ಯಾಲ ಹೊಚ್ಚೋದು. ರೈಲ್ವೆ ಮಾಡೆಲ್ ಕಟ್ಟಾವರು ಜಾಳಿಗಿ ಮ್ಯಾಲ ಪ್ಲ್ಯಾಸ್ಟರ್ ಬಟ್ಟಿ ಹೊಚ್ಚತಾರ. ಉಳದದ್ದು ಎಲ್ಲಾ ಮನಿ ಮಾಲು. ಕುಡದುಳದ ಚಾಪುಡಿ ಒಣಗಿಸಿದ್ರ ಕಾಡಿನ ನೆಲ. ತೆಂಗಿನ ನಾರಿನ ಕಾಲೊರಸು ಕತ್ತರಿಸಿದ್ರ ಬೆಳದು ನಿಂತ ಹೊಲ. ರಟ್ಟಿನ ಮ್ಯಾಲಿನ ಪದರ ಸುಲದ್ರ ಒಳಗ ಪತ್ರಾಸ್ ಛಾವಣಿ. ಹಾಪೂಸ್ ಪೆಟ್ಟಿಗಿ ಒಣಹುಲ್ಲು ಬಂದ್ರ ಗುಡಸಲ ಮಾಡು.”

ಮಾವ ಕೊನೆಯದನ್ನು ಕೇಳಿ ತಲೆಯಾಡಿಸಿದರು. ಆದರೆ ಅವರ ಕಣ್ಣು ಗುಡ್ಡದ ಮೆಟ್ಟಿಲುಗಳ ಮೇಲೇ ಇತ್ತು.

“ಈ ಪಾವಟಿಗಿ ಯಾಕ ಹಂಗ ಬಿಟ್ಟಿ? ಮಣ್ಣು ಮೆತ್ತಿ ಇಳಿಜಾರ ಮಾಡು.”

“ಇಂಗ್ಲೆಂಡಿನಾವರೂ ಹಂಗ ಬೈತಾರ. ಪದರ ಪದರ ಪೇರಿಸಿದ್ರ ಗುಡ್ಡ ಅಲ್ಲ ಅಂತ. ಅವರ ಊರಾಗ ಅದು ಸರಿ, ಅಲ್ಲಿ ಗುಡ್ಡ ಉಂಡಗ ಇರತಾವ. ನಮ್ಮ ಸಹ್ಯಾದ್ರಿ ಹೆಂಗ ಐತಿ ಹೇಳ್ರಿ? ನೀವು ಬಸ್ಸಿನಾಗ ಬರೋ ಮುಂದ ಘಾಟದಾಗ ನೋಡಿರಬೇಕು.”

“ಹೌದಲ್ಲ!” ಮಾಸ್ತರರು ಕುರ್ಚಿ ಎಳೆದು ಕುಳಿತರು. “ಕಡಿದಾದ ಕರೇ ಗ್ವಾಡಿ, ಅದರ ಕೆಳಗ ಹುಲ್ಲಿನ ಇಳಿಜಾರು, ಮತ್ತ ಗ್ವಾಡಿ, ಮತ್ತ ಹುಲ್ಲು.”

ಸುಮಾರು ಆರೂವರೆ ಕೋಟಿ ವರ್ಷಗಳ ಹಿಂದೆ ನೆಲ ಬಿರಿದು ಹರಿದ ಲಾವಾ ಒಂದರ ಮೇಲೊಂದು ಹಾಸಾಗಿ ಬಿದ್ದದ್ದೇ ದಖ್ಖನ್ನಿನ ಈ ಕಪ್ಪು ಕಲ್ಲು. ಗಟ್ಟಿ ಪದರ ಬಂಡೆಗೋಡೆಯಾಗಿ ನಿಂತಿತು. ಗುಳ್ಳೆ ತುಂಬಿದ ಮೆತ್ತನೆಯ ಪದರ ಮಳೆಗೆ ಸವೆದು ಮಣ್ಣಾಗಿ ಹುಲ್ಲು ಹಿಡಿಯಿತು. ಮರಾಠರ ಕೋಟೆಗಳಲ್ಲಿ ಹಲವು ಕಡೆ ಗೋಡೆ ಕಟ್ಟುವ ಶ್ರಮವನ್ನೇ ಉಳಿಸಿದ್ದು ಈ ಬಂಡೆ. ಹೀಗಾಗಿ ಪರದೇಶದ ಹವ್ಯಾಸಿಗಳು ಸೋಮಾರಿತನ ಎಂದು ಹಳಿಯುವ ಪದರದ ಗುಡ್ಡ ಕಲ್ಯಾಣದಿಂದ ಬೆಳಗಾವಿಯ ತನಕ ಕಣ್ಣಿಗೆ ಕಾಣುವ ಸತ್ಯ. ಬಣ್ಣದಲ್ಲಿ ಮಾತ್ರ ಸೋಮಾರಿತನ ನಡೆಯದು. ಈ ಕಲ್ಲು ಬರಿಯ ಬೂದು ಬಣ್ಣದ್ದಲ್ಲ. ಕಪ್ಪಿನ ಮೇಲೆ ಕಂದು, ಕಂದಿನ ಮೇಲೆ ಒಣ ಬೂದು, ನೀರಿಳಿಯುವ ಕಡೆ ಪಾಚಿಯ ಹಸಿರು; ಮಾವನ ಪ್ರಕಾರ ಬೆಳಗಾವಿಯ ಕಡೆಯದಾದರೆ ನೆತ್ತಿಯ ಮೇಲೆ ಜಂಬಿಟ್ಟಿಗೆಯ ಕೆಂಪು. ಯಳ್ಳೂರಿನ ರಾಜಹಂಸಗಡವನ್ನು ಕಟ್ಟಿಸುವಾಗ ಹುಡುಗರಿಂದ ಅವರು ಇಟ್ಟಿಗೆ ಪುಡಿ ಉದುರಿಸಿಸುತ್ತಿದ್ದರಂತೆ.

“ಕೆಳಗಿನ ಹುಡುಗರಿಗೆ ಕರ್ನಾಳಾ ಕಟ್ರಿ ಅಂತ ಹೇಳಿದ್ದೆ,” ಎಂದಳು ಅವಳು. “ಪನವೇಲ್ ಆಚಿ ಹೈವೇದಿಂದ ಆ ಹೆಬ್ಬೆರಳು ಕಾಣತೈತಲ್ಲ, ಬಂಡಿ ಕಂಬ. ಮಣ್ಣಿನಾಗ ನಿಲ್ಲವಲ್ಲದು ಅಂತ ರಾಯಗಡಕ್ಕ ಹೋದ್ರು.”

“ಒಳಗ ಒಂದು ಸರಳು ಹುಗದ್ರ ನಿಲ್ಲತೈತಿ. ಸಂಜಿಗೆ ಹೋಗಿ ಹೇಳತೀನಿ. ಇರಲಿ. ಈ ಟಿಪ್ಪೂನ ಮಂದಿ ಸಹ್ಯಾದ್ರಿ ಗುಡ್ಡದಾಗ ಏನ್ ಮಾಡಾಕತ್ತಾರ?”

“ಇದು ಅವರಿಗಲ್ರಿ, ಬ್ಯಾರೆ ಆಟಕ್ಕ. ಅವರಿಗೆ ಶ್ರೀರಂಗಪಟ್ಟಣ. 1799ರ ಮೇ 4, ಮಧ್ಯಾಹ್ನ ಒಂದು ಗಂಟೆ. ಕೋಟಿ ವಾಯವ್ಯ ಮೂಲ್ಯಾಗ ತೋಪು ಹೊಡದು ಗ್ವಾಡಿ ಒಡದಾರ, ಇಂಗ್ಲಿಷರು ಕಾವೇರಿ ದಾಟಿ ಬರಬೇಕು. ಒಂದು ಹೊಳಿ, ಒಂದು ಬಿರುಕು, ಒಳಗ ಇನ್ನೊಂದು ಕಂದಕ, ಅದರಾಚೆ ಇನ್ನೊಂದು ಗ್ವಾಡಿ. ನಮ್ಮ ಮೇಜಿಗೆ ಹೇಳಿ ಮಾಡಿಸಿದ ಯುದ್ಧ.”

“ಮೇ ತಿಂಗಳು. ಹೊಳಿ ಬತ್ತಿರತೈತಿ.”

“ಅದಕ್ಕ ಆವಾಗನ ಬಂದದ್ದು. ಮಳಿ ಹಿಡದ್ರ ಕಾವೇರಿ ಏರತಿತ್ತು, ಮುತ್ತಿಗಿ ಮುರೀತಿತ್ತು. ಹಂಗಂತ ನನಗ ತುಂಬಿದ ಹೊಳಿ ಮಾಡಾಕ ಬರಂಗಿಲ್ಲ. ಬಂಡಿ ನಡುವ ಹರಿಯೋ ನೀರು ಬೇಕು.”

“ಕನ್ನಡಿ ಚೂರು ಇಡು. ಕಿಲ್ಲೆ ಕೆರಿಗೆ ನಾವು ಅದನ್ನ ಇಡತಿದ್ವಿ.”

“ಕೆರಿಗೆ ಛಲೋ. ಹೊಳಿಗೆ ಇಟ್ರ ಸಿಪಾಯಿ ಬಿಲ್ಲಿ ಕೆಳಗಿಂದು ಎಲ್ಲಾ ಕಾಣತೈತಿ, ಮತ್ತ ನೀರು ನಿಂತಂಗ. ಮೊದಲು ತಳಕ್ಕ ಬಣ್ಣ, ನಡುವ ಗಾಢ, ದಂಡಿಗೆ ಮರಳಿನ ಬಣ್ಣ. ಮ್ಯಾಲ ಹೊಳೆಯೋ ವಾರ್ನಿಶ್ ಪದರ ಪದರ. ಫೆವಿಕಾಲ್ ಹಾಕಿದ್ರೂ ಆಗತೈತಿ ಅಂತಾರ, ನಮ್ಮ ಮಳಿಗಾಲಕ್ಕ ಅದು ಮತ್ತ ಬೆಳ್ಳಗ ಆಗಿ ಅಂಟತೈತಿ.”

ಅವಳು ಕಪಾಟಿನಿಂದ ಇಳಿಸಿದ ಹೊಳೆಯ ತುಂಡನ್ನು ಮಾವ ತಿರುಗಿಸಿ ತಿರುಗಿಸಿ ನೋಡಿದರು. ರಟ್ಟಿನ ಹಲಗೆಯ ಮೇಲೆ ನೀರು ಚೆನ್ನಾಗಿಯೇ ಕೂತಿತ್ತು. ಬಂಡೆಗಳು ಮಾತ್ರ ಚೂಪು ಅಂಚಿನವು, ಹಾಸು ಹಾಸಾಗಿ ಒಡೆದವು, ಕರಿ ಕಂದು.

“ಈ ಬಂಡಿ ತಪ್ಪು.”

“ಯಾಕ್ರಿ?”

“ಇದು ನಮ್ಮ ಕಡಿ ಕಲ್ಲು. ಶ್ರೀರಂಗಪಟ್ಟಣದಾಗ ಈ ಲಾವಾ ಎಲ್ಲಿ ಬಂತು? ಸಾಲಿ ಹುಡುಗರನ್ನ ಟ್ರಿಪ್ ಕರಕೊಂಡು ಹೋದಾಗ ನಾನ ಆ ಹೊಳ್ಯಾಗ ಕುಂತು ಸ್ಕೆಚ್ ಮಾಡೀನಿ. ಬಂಡಿ ಉಂಡಗ, ನೀರಿನಾಗ ಸವದು ನುಣುಪಾಗಿ ಆನಿ ಬೆನ್ನು ಕಂಡಂಗ ಕಾಣತಾವ. ಬೂದಿ ಬಣ್ಣ, ಅಲ್ಲಲ್ಲಿ ನಸುಗೆಂಪು ಗೀರು.”

ಅವರು ಹೇಳಿದ್ದು ಸರಿ. ಹಳೆಯ ಮೈಸೂರು ಸೀಮೆ ನಿಂತಿರುವುದು ದಖ್ಖನ್ನಿನ ಲಾವಾದ ಮೇಲಲ್ಲ, ಅದಕ್ಕಿಂತ ಎಷ್ಟೋ ಪಟ್ಟು ಹಳೆಯ ನೈಸ್ ಮತ್ತು ಗ್ರಾನೈಟಿನ ಮೇಲೆ. ಅವಳಿಗೆ ನೋವಾದದ್ದು ತಪ್ಪಿಗಲ್ಲ, ಲೆಕ್ಕಕ್ಕೆ. ವಾಶಿಯ ಮನೆಯಲ್ಲಿ ಒಂದು ಕಪಾಟಿನಷ್ಟೇ ಜಾಗ. ಒಂದೇ ಬಂಡೆ ಮೂರು ಯುದ್ಧಕ್ಕೆ ಒದಗಬೇಕು. ಈ ಹವ್ಯಾಸದಲ್ಲಿ ಇರುವ ಎಲ್ಲರ ಕಷ್ಟವೂ ಇದೇ. ಒಂದು ಊರಿಗೆ ಪಕ್ಕಾ ಹೊಂದುವ ನೆಲ ಇನ್ನೊಂದು ಊರಿಗೆ ಸುಳ್ಳಾಗುತ್ತದೆ, ಎಲ್ಲ ಊರಿಗೂ ಹೊಂದುವ ನೆಲ ಯಾವ ಊರೂ ಆಗಿರುವುದಿಲ್ಲ.

“ಬಂಡಿ ಕಿತ್ತು ಬ್ಯಾರೆ ಇಡು,” ಮಾವ ಪರಿಹಾರ ಹೇಳಿದರು. “ಅಂಟಸಬ್ಯಾಡ, ಬಿಡಿ ಇರಲಿ. ಉಂಡಗಿನ ಹಳ್ಳದ ಕಲ್ಲು ತಗೊಂಡು ಸ್ಪಂಜಿನಾಗ ಬಣ್ಣ ಒತ್ತು. ಸಹ್ಯಾದ್ರಿ ಆಟ ಬಂದಾಗ ಇವನ್ನ ಇಡು. ಕೋಟಿ ಬಿರುಕು ಹೆಂಗ ಮಾಡತಿ?”

“ಬಿದ್ದ ಗ್ವಾಡಿ ಆಕಾರಕ್ಕ ರಟ್ಟು ಕತ್ತರಸಬೇಕು ಅಂತ ಮಾಡೀನಿ.”

“ಬ್ಯಾಡ. ಒಡದಂಗ ಕತ್ತರಿಸಿದ್ದು ಕತ್ತರಿಸಿದಂಗನ ಕಾಣತೈತಿ. ಪಿಒಪಿದಾಗ ಇಡೀ ಗ್ವಾಡಿ ಎರಕ ಹೊಯ್ಯಿ, ಕಲ್ಲಿನ ಗೆರಿ ಎಲ್ಲಾ ಕೊರಿ, ಬಣ್ಣ ಹಚ್ಚೋ ಮೊದಲು ಸುತ್ತಿಗಿಲೆ ಒಡಿ. ಬಿದ್ದ ಚೂರು ಒಂದೂ ಚೆಲ್ಲಬ್ಯಾಡ. ಗ್ವಾಡ್ಯಾಗ ಎಷ್ಟು ಹೋಗೈತೋ ಅಷ್ಟೂ ಬುಡದಾಗ ಬಿದ್ದಿರಬೇಕು. ಮತ್ತ ಹೊರಗ ಬಿದ್ದಿರಬೇಕು, ಒಳಗಲ್ಲ. ತೋಪಿನ ಗುಂಡು ಹೊರ ಮೈ ಒಡಿತೈತಿ, ಮ್ಯಾಲಿಂದು ಜರದು ಕಂದಕಕ್ಕ ಬೀಳತೈತಿ. ಏರಿ ಬರಾವರಿಗೆ ಅದ ಇಳಿಜಾರು.”

“ಆ ಇಳಿಜಾರದ ಮ್ಯಾಲ ನನ್ನ ಸಿಪಾಯಿ ನಿಲ್ಲಬೇಕಲ್ರಿ ಮಾಮಾ.”

“ಅದು ನಿನ್ನ ಆಟ. ಚೂರಿನ ನಡುವ ಅಲ್ಲಲ್ಲಿ ಚಪ್ಪಟಿ ಕಲ್ಲು ಸೇರಿಸು, ನಿನ್ನ ಬಿಲ್ಲಿ ಅಳತಿಗೆ. ನೋಡಾವರಿಗೆ ಕಾಣಬಾರದು, ಆಡಾವರಿಗೆ ಸಿಗಬೇಕು. ಎಷ್ಟು ಮಂದಿ ಸಾಲಾಗಿ ಏರತಾರ?”

“ನಾಲ್ಕು ಇದ್ರ ಆಟ ಛಲೋ. ಎರಡೇ ಆದ್ರ ಟಿಪ್ಪೂನ ಕಡಿಯಾಂವ ಸುಮ್ನ ಗೆಲ್ಲತಾನ.”

“ನಾಲ್ಕು ಇಡು. ಹತ್ತು ಸೆಂಟಿಮೀಟರ್, ಮ್ಯಾಲ ಒಂದು ಬೆರಳು. ಸುತ್ತಿಗಿ ಎಲ್ಲೈತಿ?”

“ಈಗಲ್ರಿ. ಎರಡರಿಂದ ನಾಲ್ಕರ ತನಕ ಬಡಿಯಂಗಿಲ್ಲ, ಸೊಸೈಟಿ ರೂಲ್. ಮತ್ತ ಪಿಒಪಿ ಇನ್ನೂ ಕಲಸೇ ಇಲ್ಲ.”

“ಹಂಗಾದ್ರ ಕಲಸವಾ. ನಾಲ್ಕರೊಳಗ ಗಟ್ಟಿ ಆಗತೈತಿ, ಅಷ್ಟರಾಗ ನಾ ಕಲ್ಲಿನ ಸಾಲು ಹಾಳ್ಯಾಗ ಬರದು ಕೊಡತೀನಿ.”